ನಾವು ಮಣ್ಣಿಗೆ ಅರ್ಜಿ ಹಾಕಿದ ಭಾನುವಾರಗಳು

ಬೇರೆಯವರ ಮನೆಗಳಲ್ಲಿ ಭಾನುವಾರ ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹಾಗಲ್ಲ. ಸೋಮವಾರ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳೋಕೆ ಏನಾದರೊಂದು ಆಗಿಯೇ ತೀರುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರಿಗೆ ಹುಟ್ಟಿದ ಒಂದು ಆಸೆ. ವಿಜಯನಗರದಲ್ಲಿ ಎರಡನೇ ಮಹಡಿಯ ಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇವೆ. ಅಕ್ಕಪಕ್ಕದವರ ಜೊತೆ ನಮ್ಮ ಒಡನಾಟವೆಲ್ಲ "ಗಾಡಿ ಸ್ವಲ್ಪ ತೆಗೀತೀರಾ?" ಅನ್ನುವಷ್ಟೇ. ಏಳನೇ ಕ್ಲಾಸಿನ ನಮ್ಮ ಮಗಳಿಗೆ ಕೆಳಗಿನ ಮನೆಯವರ ಕಾರಿನ ನಂಬರ್ ಬಾಯಿಗೆ ಬರುತ್ತದೆ, ಅವರ ಹೆಸರು ಗೊತ್ತಿಲ್ಲ. ಒಂದು ದಿನ ಇವರು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮುಗಿಸಿ ಬಂದವರೇ, "ನಮ್ಮ ಥರಾನೇ ಯೋಚನೆ ಮಾಡೋ ಹತ್ತು ಮನೆಯವರು ಸೇರಿ, ಒಂದೇ ಜಮೀನಲ್ಲಿ ಬೆಳ್ಕೊಂಡು, ಒಟ್ಟಿಗೆ ಉಣ್ಕೊಂಡು ಇರ್ತಾರಂತೆ ಕಣೇ. ಅಂಥ ಜಾಗ ಹುಡುಕೋಣ. ಮೊದಲು ವಾರಕ್ಕೆರಡು ದಿನ ಹೋಗೋದು, ಇವಳ ಸ್ಕೂಲ್ ಮುಗಿದ ಮೇಲೆ ಅಲ್ಲೇ ಇದ್ದುಬಿಡೋದು" ಅಂದರು. ನನಗೂ ಮನಸ್ಸಾಯಿತು.

ನಮ್ಮತ್ತೆ ಹುಟ್ಟಿ ಬೆಳೆದದ್ದು ಶ್ರೀಗಂಧದ ಕಾವಲಿನ ಕಡೆ, ಅಲ್ಲೆಲ್ಲ ಇನ್ನೂ ರಾಗಿ ಹೊಲ ಇದ್ದ ಕಾಲದಲ್ಲಿ. ಅವರು ಮಾತ್ರ ನಮ್ಮಿಬ್ಬರ ಮುಖ ನೋಡಿ, "ನಾವು ಬಿಟ್ ಬಂದಿದ್ದನ್ನ ನೀವು ಹುಡುಕ್ಕೊಂಡ್ ಹೊಂಟ್ರಾ? ಸರಿ, ನಾನೂ ಬತ್ತೀನಿ. ಕಾಳು ಯಾವ್ದು, ಕಳೆ ಯಾವ್ದು ಅಂತ ಹೇಳೋಕಾದ್ರೂ ಒಬ್ರು ಬೇಕಲ್ಲ" ಅಂದರು.

ಹಸು ಯಾವಾಗ ಬರುತ್ತೆ?

ಮೊದಲು ಹೋದದ್ದು ಮಾಗಡಿ ರೋಡಿನಲ್ಲಿ ಸಾಕಷ್ಟು ದೂರ. ಏಳು ಮನೆಯವರು ಹೊಂಗೆ ಮರದ ಕೆಳಗೆ ದುಂಡಗೆ ಕೂತಿದ್ದರು. ಅಲ್ಲಿ ಎಲ್ಲ ತೀರ್ಮಾನವೂ ಒಮ್ಮತದಿಂದಲೇ ಆಗಬೇಕು. ಒಂದು ನುಣುಪು ಕಲ್ಲು ಕೈಯಿಂದ ಕೈಗೆ ಹೋಗುತ್ತದೆ, ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು.

ಅವತ್ತಿನ ವಿಷಯ, ಹಸು ಸಾಕಬೇಕೋ ಬೇಡವೋ. ನಾಟಿ ಹಸುವೇ ಆಗಬೇಕು ಅಂದರು ಒಬ್ಬರು. ಕಟ್ಟಿ ಹಾಕೋದು ತಪ್ಪು ಅಂದರು ಇನ್ನೊಬ್ಬರು. ಕರುವಿನ ಪಾಲಿನ ಹಾಲು ನಾವು ಕುಡಿಯಬಹುದೇ ಅಂತ ಮತ್ತೊಬ್ಬರು ಕಣ್ಣು ಮುಚ್ಚಿ ಕೇಳಿದರು. ನಮ್ಮತ್ತೆ ಪಕ್ಕದವರ ಕಿವಿಯಲ್ಲಿ, "ಎಷ್ಟ್ ದಿನದಿಂದ ಮಾತಾಡ್ತಾ ಇದೀರಪ್ಪ?" ಅಂದರು.

"ಎರಡೂವರೆ ವರ್ಷ ಆಯ್ತು ಅಮ್ಮ. ಯಾರ ಮನಸ್ಸಿಗೂ ನೋವಾಗಬಾರದು ನೋಡಿ."

ಅಷ್ಟರಲ್ಲಿ ಕಾಫಿ ಬಂತು. ಪ್ಯಾಕೆಟ್ ಹಾಲಿನದು. ಅದರ ಹಿಂದೆಯೇ ಕಲ್ಲೂ ನಮ್ಮತ್ತೆಯ ಕೈಗೆ ಬಂತು. ಅತಿಥಿಗಳಿಗೂ ಮಾತಾಡುವ ಹಕ್ಕಿದೆಯಂತೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ನಿಧಾನವಾಗಿ ಹೇಳಿದರು:

"ಅವತ್ತೇ ಒಂದು ಹಸ ತಂದಿದ್ರೆ ಇಷ್ಟೊತ್ತಿಗೆ ಎರಡು ಕರ ಹಾಕಿರೋದು ಕಣಪ್ಪ. ದೊಡ್ ಕರನೂ ಬಂದು ನಿಮ್ ಮೀಟಿಂಗಲ್ಲಿ ಕೂತಿರೋದು."

ಸಮಾನ ಮನಸ್ಕರು

ಹೀಗೆ ಒಂದೊಂದೇ ಜಾಗ ಸುತ್ತೋದಕ್ಕಿಂತ ನಮ್ಮಂಥವರನ್ನು ಮೊದಲು ಹುಡುಕಿ, ಆಮೇಲೆ ಜಮೀನು ಹುಡುಕೋಣ ಅಂತ ಇವರು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿದರು. ಹೆಸರು 'ಸಮಾನ ಮನಸ್ಕರು'. ಎಂಬತ್ತಕ್ಕೂ ಮೇಲೆ ಜನ. ಮೊದಲ ದಿನ ಬರೀ ನಮಸ್ಕಾರ, ಸೂರ್ಯೋದಯದ ಫೋಟೋ. ಎರಡನೇ ದಿನ ಯಾರೋ, "ಈರುಳ್ಳಿ ಬೆಳ್ಳುಳ್ಳಿ ಬೆಳೀತೀವಲ್ವಾ?" ಅಂತ ಕೇಳಿದರು. ಅಷ್ಟೇ. ಸಂಜೆಯೊಳಗೆ 'ನಿಜವಾದ ಸಮಾನ ಮನಸ್ಕರು' ಅಂತ ಇನ್ನೊಂದು ಗ್ರೂಪ್ ಆಯಿತು. ಅದರಲ್ಲಿ ಕೋಳಿ ಸಾಕೋದು ಮೊಟ್ಟೆಗೋ ಸಾರಿಗೋ ಅಂತ ಜಗಳ ಬಂದು ಮೂರನೆಯದು. ಉಗ್ರಾಣದಲ್ಲಿ ಇಲಿ ಬಂದರೆ ಕೊಲ್ಲಬೇಕೋ ಹಿಡಿದು ದೂರ ಬಿಡಬೇಕೋ ಅಂತ ನಾಲ್ಕನೆಯದು. ಜಮೀನೇ ಇಲ್ಲ, ಉಗ್ರಾಣ ಎಲ್ಲಿಂದ ಬಂತು, ಇಲಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ಇವರು ಹೊಸದಕ್ಕೆ ಸೇರುವರು, ದಾಕ್ಷಿಣ್ಯಕ್ಕೆ ಹಳೆಯದರಲ್ಲೂ ಉಳಿಯುವರು. ಊಟಕ್ಕೆ ಕೂತರೆ ಫೋನು ಒಂದೇ ಸಮ ಟಣ್ ಟಣ್. ಕೊನೆಗೆ ಹಳೆಯವೆಲ್ಲ ತಣ್ಣಗಾಗಿ, ಹೊಸದೊಂದು ಗ್ರೂಪಿನಲ್ಲಿ ಇವರೂ ಬಸವೇಶ್ವರನಗರದ ಒಬ್ಬ ರಿಟೈರ್ಡ್ ಮೇಷ್ಟ್ರೂ ಇಬ್ಬರೇ ಉಳಿದರು. ಎರಡು ದಿನ ಭಾರಿ ಹೊಂದಾಣಿಕೆ. ಮೂರನೇ ದಿನ ಬೇಲಿಗೆ ಯಾವ ಗಿಡ ಅನ್ನುವ ಮಾತಿಗೆ ಮೇಷ್ಟ್ರೂ ಹೊರಟುಹೋದರು.

ಅವತ್ತು ರಾತ್ರಿ ಊಟದ ಹೊತ್ತಿಗೆ ಫೋನು ಗಪ್‌ಚುಪ್. ನಾನೇ ತೆಗೆದು ನೋಡಿದೆ. "ಏನ್ರೀ, ಗ್ರೂಪಲ್ಲಿ ನೀವೊಬ್ರೇ ಇದೀರಾ! ಯಾರನ್ನಾದ್ರೂ ಸೇರಿಸ್ಲಾ?"

"ಬೇಡ ಬೇಡ, ಮುಟ್ಬೇಡ," ಅಂದರು ಇವರು ಗಾಬರಿಯಿಂದ. "ಈಗ ತಾನೇ ಎಲ್ಲರ ಮನಸ್ಸೂ ಒಂದಾಗಿದೆ."

ಮೌನದ ಹೊತ್ತು

ಇನ್ನೊಂದು ಜಾಗದಲ್ಲಿ ಬೆಳಗ್ಗೆ ಏಳರಿಂದ ಒಂಬತ್ತು ಮೌನ. ಕೆಲಸ ಮಾಡಬಹುದು, ಮಾತಾಡಬಾರದು. ಗೇಟಿನಲ್ಲೇ ಕೊರಳಿಗೆ ಒಂದೊಂದು ಸಣ್ಣ ಸ್ಲೇಟು ಹಾಕಿದರು. ಏನಾದರೂ ಹೇಳಲೇಬೇಕಾದರೆ ಬರೆದು ತೋರಿಸಬೇಕು. ಮಗಳಿಗೆ ಖುಷಿಯೋ ಖುಷಿ. ಅವಳು ಬರೆದ ಮೊದಲ ವಾಕ್ಯ, "ತಿಂಡಿ ಎಷ್ಟು ಗಂಟೆಗೆ?"

ಎಲ್ಲರೂ ಪಾತಿಯಲ್ಲಿ ಕೂತು ದಂಟಿನ ಸೊಪ್ಪಿಗೆ ಮಣ್ಣು ಕೊಡುತ್ತಿದ್ದೆವು. ಎಂಟು ಗಂಟೆಗೆ ಸರಿಯಾಗಿ ಬೇಲಿ ಸಂದಿಯಿಂದ ಒಂದು ಮೇಕೆ ಬಂತು. ಹಿಂದೆಯೇ ಅದರ ಎರಡು ಮರಿ. ಮೂರೂ ಆ ತುದಿಯಿಂದ ಸೊಪ್ಪು ಮೇಯೋಕೆ ಶುರು ಮಾಡಿದವು. ಅಲ್ಲಿನ ಹಿರಿಯರೊಬ್ಬರು ಎದ್ದು ನಿಂತು ಎರಡೂ ಕೈ ಬೀಸಿದರು. ಮೇಕೆ ತಲೆ ಎತ್ತಿ ಅವರನ್ನು ನೋಡಿ, ಮತ್ತೆ ಮೇಯಿತು. ಇನ್ನೊಬ್ಬರು ಓಡಿಹೋಗಿ ಸ್ಲೇಟಿನ ಮೇಲೆ "ಮೇಕೆ!" ಅಂತ ದೊಡ್ಡದಾಗಿ ಬರೆದು ಎಲ್ಲರಿಗೂ ತೋರಿಸಿದರು. ನಮ್ಮ ಯಜಮಾನರು ಅದರ ಕೆಳಗೆ "ಹೌದು" ಅಂತ ಬರೆದರು.

ನಮ್ಮತ್ತೆ ಒಂದು ನಿಮಿಷ ತಡೆದುಕೊಂಡರು. ಅಷ್ಟೇ ಅವರ ಕೈಲಾದದ್ದು. ಸೊಂಟಕ್ಕೆ ಸೆರಗು ಸಿಕ್ಕಿಸಿ, "ಹೇಯ್! ಥೂ ನಿನ್ ಮನೆ ಹಾಳಾಗ!" ಅಂತ ಕೂಗಿದ ಕೂಗಿಗೆ ಮೇಕೆ ಇರಲಿ, ನಾವೂ ಎದ್ದು ಓಡುವ ಹಾಗಾಯಿತು.

ಒಂಬತ್ತಕ್ಕೆ ಗಂಟೆ ಬಾರಿಸಿದ ಮೇಲೆ ಹಿರಿಯರು ಬಹಳ ನಯವಾಗಿ, "ಅಮ್ಮ, ತಪ್ಪು ತಿಳೀಬೇಡಿ. ಮೌನದ ಹೊತ್ತು ಮುರಿದುಬಿಟ್ರಲ್ಲ" ಅಂದರು.

"ಆ ಮೇಕೆ ದಿನಾ ಬತ್ತದಾ?"

"ಹೌದಮ್ಮ, ದಿನಾ ಎಂಟಕ್ಕೇ ಬರುತ್ತೆ. ಯಾಕೋ ಗೊತ್ತಿಲ್ಲ."

"ನೀವು ಒಂಬತ್ತರ ತಂಕ ಬಾಯಿ ಬಿಡಲ್ಲ ಅಂತ ಅದಕ್ಕೆ ಗೊತ್ತಾಗ್ಬುಟ್ಟದೆ ಸ್ವಾಮಿ!"

ಇಂಟರ್‌ವ್ಯೂ

ಕೊನೆಗೆ ಕೆಂಗೇರಿ ದಾಟಿ ಒಳಗೆ ಹೋದರೆ ಸಿಗುವ ಒಂದು ಜಾಗ ನಮಗೆ ನಿಜವಾಗಿ ಹಿಡಿಸಿತು. ಒಂಬತ್ತು ಮನೆಯವರು, ಒಂದೇ ಅಡುಗೆಮನೆ, ಅವರೆ, ರಾಗಿ, ತರಕಾರಿ, ನಾಲ್ಕು ಹಸು. ಇನ್ನೊಂದು ಕುಟುಂಬಕ್ಕೆ ಮಾತ್ರ ಜಾಗವಿತ್ತು, ಸೇರಬೇಕಾದರೆ ಇಂಟರ್‌ವ್ಯೂ. ಇವರು ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ. ಪ್ರೆಸ್ಸಿನ ಕೆಲಸಕ್ಕೆ ಮೊದಲು ಹೋದ ದಿನವೂ ಇಷ್ಟು ಹೆದರಿರಲಿಲ್ಲ ಅಂದರು.

ಚಾಪೆಯ ಮೇಲೆ ಇಬ್ಬರು ಕೂತಿದ್ದರು. ಬೆಳ್ಳಗಿನ ಜುಟ್ಟು ಕಟ್ಟಿಕೊಂಡ ಒಬ್ಬ ಸಾರ್, ಹಲ್ಲಿನ ಡಾಕ್ಟರ್ ಆಗಿದ್ದ ಒಬ್ಬ ಮೇಡಂ.

"ನೀವು ಕೈಯಿಂದ ಏನು ಕೆಲಸ ಮಾಡಬಲ್ಲಿರಿ?" ಅಂತ ಇವರನ್ನು ಕೇಳಿದರು.

"ಮದುವೆ ಕಾರ್ಡ್ ಡಿಸೈನ್ ಮಾಡ್ತೀನಿ ಸಾರ್."

"ಅದು ಕಂಪ್ಯೂಟರ್‌ನಲ್ಲಿ. ಕೈಯಿಂದ?"

"ಮೌಸ್ ಹಿಡಿಯೋದು ಕೈಯಲ್ಲೇ ಸಾರ್."

ನಾನು ಇಪ್ಪತ್ತು ವರ್ಷದಿಂದ ಟೀಚರ್, ಎಂಥ ಮಕ್ಕಳನ್ನೂ ಸುಮ್ಮನೆ ಕೂರಿಸ್ತೀನಿ ಅಂದೆ. "ಇಲ್ಲಿ ಮಕ್ಕಳನ್ನ ಸುಮ್ಮನೆ ಕೂರಿಸೋ ಹಾಗಿಲ್ಲ ಮೇಡಂ," ಅಂದರು. ಮಗಳು ಧೈರ್ಯವಾಗಿ, "ನಂಗೆ ಎರೆಹುಳ ಅಂದ್ರೆ ಭಯ ಇಲ್ಲ ಅಂಕಲ್, ದೂರದಲ್ಲಿದ್ರೆ" ಅಂದಳು.

ಅಷ್ಟರಲ್ಲಿ ಕೊಟ್ಟಿಗೆ ಕಡೆಯಿಂದ ಗದ್ದಲ ಕೇಳಿ ಎಲ್ಲರೂ ಓಡಿದೆವು. ಅಲ್ಲಿ ಒಬ್ಬರು ಹಸುವಿನ ಕೆಚ್ಚಲ ಹತ್ತಿರ ಕೂತಿದ್ದರು, ಇನ್ನೊಬ್ಬರು ಅವರ ಮುಖದ ಮುಂದೆ ಮೊಬೈಲ್ ಹಿಡಿದಿದ್ದರು. ಹಾಲು ಕರೆಯೋದು ಹೇಗೆ ಅನ್ನುವ ವಿಡಿಯೋ. ಮಧ್ಯದಲ್ಲಿ ಜೋರಾಗಿ ಜಾಹೀರಾತು ಬಂದು ಹಸು ಬಕೆಟ್ ಒದ್ದಿತ್ತು. ನಮ್ಮತ್ತೆ ಆಗಲೇ ಅಲ್ಲಿದ್ದರು.

"ಅದನ್ನ ಆರ್ಸಪ್ಪ ಮೊದ್ಲು, ಹಸ ಬೆದರ್ತಾ ಅದೆ," ಅಂದವರೇ ಅದರ ಕೊರಳ ಕೆಳಗಿನ ಗಂಗೆದೊಗಲು ಸವರಿ, ಕರುವನ್ನು ಒಂದು ಗಳಿಗೆ ಬಿಟ್ಟು, ಬಕೆಟ್ ಇಟ್ಟುಕೊಂಡು ಕೂತರು. ಮದುವೆಯಾದ ಮೇಲೆ ಊರು ಬಿಟ್ಟ ಅವರು ಹಸು ಮುಟ್ಟಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಸರ್‌ಸರ್ ಅಂತ ಹಾಲು ಬೀಳೋಕೆ ಶುರುವಾದಾಗ ಅವರೇ ಸಣ್ಣಗೆ, "ಮರ್ತಿಲ್ಲ ಕಣ್ಲಾ, ಕೈ ಮರ್ತಿಲ್ಲ" ಅಂದರು. ಇವರು ಕಣ್ಣಿಗೆ ಧೂಳು ಬಿತ್ತು ಅಂತ ಆ ಕಡೆ ತಿರುಗಿಕೊಂಡರು.

ವಾರದ ಮೇಲೆ ಜುಟ್ಟಿನ ಸಾರ್ ಫೋನ್ ಮಾಡಿದರು. ಇವರು ಸ್ಪೀಕರ್ ಹಾಕಿದರು.

"ಸಂತೋಷದ ವಿಷಯ ಸಾರ್. ನಿಮ್ಮ ತಾಯಿಯವರು ಸೆಲೆಕ್ಟ್ ಆಗಿದಾರೆ."

"ಥ್ಯಾಂಕ್ಸ್ ಸಾರ್! ನಾವು?"

"ನೀವು ಮೂರು ಜನ ವೇಟಿಂಗ್ ಲಿಸ್ಟ್."

ಅವಲಂಬಿತರು

ನಮ್ಮತ್ತೆ ಫೋನ್ ಕಸಿದುಕೊಂಡು, "ಅವರ್ನ ಬಿಟ್ ನಾನೊಬ್ಳೆ ಬರಾಕಿಲ್ಲ ಸ್ವಾಮಿ. ನಾಕೂ ಜನ ಅಂದ್ರೆ ನಾಕೂ ಜನ" ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಆ ಕಡೆಯವರೇ ಯೋಚಿಸಿ ಒಂದು ದಾರಿ ಕಂಡುಹಿಡಿದರು. ಅರ್ಜಿಯಲ್ಲಿ ಮುಖ್ಯ ಸದಸ್ಯರು, ನಮ್ಮತ್ತೆ. ಅವಲಂಬಿತರು: ಮಗ, ನಲವತ್ತೇಳು ವರ್ಷ. ಸೊಸೆ, ನಲವತ್ತಮೂರು. ಮೊಮ್ಮಗಳು, ಹನ್ನೆರಡು.

ಹೇಗೋ ಸೇರಿದೆವಲ್ಲ! ಒಂದು ತಿಂಗಳಲ್ಲಿ ಮಗಳಿಗೆ ಒಂಬತ್ತು ಮನೆಯವರ ಹೆಸರೂ, ನಾಲ್ಕು ಹಸುವಿನ ಹೆಸರೂ ಬಾಯಿಗೆ ಬಂತು. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಊಟ ಮಾಡುವಾಗ ಇವರ ಮುಖ ನೋಡಬೇಕು, ಮದುವೆ ಮನೆಯ ಯಜಮಾನನ ಹಾಗೆ ಅರಳಿರುತ್ತದೆ.

ಹೋದ ಭಾನುವಾರ ಮಾತ್ರ ಇವರಿಗೆ ಬೇಗ ಮನೆಗೆ ಹೋಗುವ ಅವಸರ. ಮಧ್ಯಾಹ್ನ ಕ್ರಿಕೆಟ್ ಮ್ಯಾಚ್ ಇತ್ತು. ಮೆಲ್ಲಗೆ ಗೇಟಿನ ಹತ್ತಿರ ಹೋದರು. ಅವತ್ತು ಗೇಟಿನ ಸರದಿ ಹಲ್ಲಿನ ಡಾಕ್ಟರ್ ಮೇಡಂದು. ಅವರು ಒಂದು ನೋಟ್‌ಬುಕ್ ತೆಗೆದು, "ಸಾರಿ ಸಾರ್, ನೀವು ಅವಲಂಬಿತರು. ಸಂಜೆಗಿಂತ ಮುಂಚೆ ಹೋಗೋದಾದ್ರೆ ಮುಖ್ಯ ಸದಸ್ಯರ ಸಹಿ ಬೇಕು" ಅಂದರು.

ಮೀಸೆಯಲ್ಲಿ ಬಿಳಿ ಕೂದಲು ಬಂದಿರುವ ನಮ್ಮ ಯಜಮಾನರು ನೋಟ್‌ಬುಕ್ ಹಿಡಿದು ಅವರೆ ಸಾಲಿನ ಮಧ್ಯೆ ಅಮ್ಮನ ಮುಂದೆ ನಿಂತರು.

"ಎಲ್ಲಿಗ್ಲಾ?"

"ಮನೇಗಮ್ಮ. ಸ್ವಲ್ಪ ಕೆಲಸ ಇತ್ತು."

"ಏನ್ ಕೆಲ್ಸ?"

"ಮ್ಯಾಚ್ ಅಜ್ಜಿ!" ಅಂತ ಮಗಳು ಆ ಕಡೆಯಿಂದ ಕೂಗಿದಳು.

"ನಿನ್ ಸಾಲಿನ ಕಳೆ ಕಿತ್ತಾಯ್ತಾ?"

"ಅರ್ಧ ಆಗಿದೆ."

"ಮುಗಿಸ್ಬುಟ್ ಬಾ. ಸೈನ್ ಹಾಕ್ತೀನಿ."

ಇವರು ನನ್ನ ಹತ್ತಿರ ಬಂದು, "ನೀನಾದ್ರೂ ಹೇಳೇ" ಅಂದರು. "ನನ್ನ ಸಾಲೇ ಇನ್ನೂ ಮುಗಿದಿಲ್ಲ, ನಾನೇನ್ರೀ ಹೇಳ್ಲಿ?" ಅಂದೆ. ಆಮೇಲೆ ಇವರು ಕಿತ್ತ ವೇಗ ನೋಡಬೇಕಿತ್ತು. ಹತ್ತೇ ನಿಮಿಷದಲ್ಲಿ ಸಾಲು ನುಣ್ಣಗೆ. ನಮ್ಮತ್ತೆ ಬಂದು ಕಿತ್ತು ಗುಡ್ಡೆ ಹಾಕಿದ್ದನ್ನು ಕಾಲಲ್ಲಿ ಹರಡಿ ನೋಡಿದರು, ಪೆನ್ನು ಇಸಕೊಂಡರು. ಅವರು ಓದಿರೋದು ನಾಲ್ಕನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ಬಹಳ ಹೊತ್ತು ಬರೆದರು. ಬರೀ ಸಹಿಗೆ ಯಾಕಿಷ್ಟು ಹೊತ್ತು ಅಂತಲೂ ನೋಡದೆ ಇವರು ನೋಟ್‌ಬುಕ್ ಮುಚ್ಚಿಕೊಂಡು ಗೇಟಿಗೆ ಓಡಿದರು.

ಮೇಡಂ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

"ಇವನು ಕಳೆಯ ಜೊತೆ ಹದಿನಾಲ್ಕು ಅವರೆ ಗಿಡ ಕಿತ್ತಿರುತ್ತಾನೆ. ಗಮನ ಇಲ್ಲಿ ಇಲ್ಲ. ಇವತ್ತು ಕಳಿಸಿ, ಇಲ್ಲೇ ಇದ್ದರೆ ಇನ್ನೂ ಕೀಳುತ್ತಾನೆ."

ಇಪ್ಪತ್ತು ವರ್ಷದಿಂದ ಮಕ್ಕಳ ಡೈರಿಯಲ್ಲಿ ಟೀಕೆ ಬರೆದಿದ್ದೇನೆ, ಇಷ್ಟು ಚೆನ್ನಾಗಿ ಒಂದು ದಿನವೂ ಬರೆದಿಲ್ಲ. ಇವರು ಗೇಟಿನ ಚಿಲಕಕ್ಕೆ ಕೈ ಹಾಕಿದರು. ಮೇಡಂ ತಡೆದು ಪೆನ್ನು ಮುಂದೆ ಹಿಡಿದರು.

"ಒಂದ್ನಿಮಿಷ ಸಾರ್. ಓದಿ ತಿಳ್ಕೊಂಡಿದೀನಿ ಅಂತ ಕೆಳಗೆ ನೀವೂ ಒಂದು ಸೈನ್ ಹಾಕಿ."