ಮೈನರ್ ಬೇಕೆ ಎಂಬುದಕ್ಕೆ ಒಂಬತ್ತು ಸ್ಟಿಕ್ಕರ್

ಜನವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಕೆಲವರಿಗೆ ಹಾವಿನ ಹೆದರಿಕೆ, ಕೆಲವರಿಗೆ ಇಂಜೆಕ್ಷನ್ನಿನದು. ನನಗೆ ಅರ್ಜಿಯಲ್ಲಿ ಟಿಕ್ ಹಾಕಲು ಬಿಟ್ಟಿರುವ ಪುಟ್ಟ ಚೌಕದ ಹೆದರಿಕೆ. ನಾನು ಬಿ.ಕಾಂ. ಮೊದಲ ವರ್ಷದಲ್ಲಿದ್ದೇನೆ. ಅದರ ಜೊತೆಗೆ ಮೈನರ್ ಎಂದು ಇನ್ನೊಂದು ಸಣ್ಣ ವಿಷಯ ಬೇಕೆ, ಬೇಡವೆ? ನಾಳೆ ನಾಲ್ಕು ಗಂಟೆಯೊಳಗೆ ಟಿಕ್ ಹಾಕಿ ಕೊಡಬೇಕು. ಆ ಅರ್ಜಿಯನ್ನು ಈವರೆಗೆ ಮೂವತ್ತೊಂದು ಸಲ ಬಿಡಿಸಿ ನೋಡಿ, ಮೂವತ್ತೊಂದು ಸಲ ಮಡಿಚಿಟ್ಟಿದ್ದೇನೆ. ಮಡಿಕೆಯಲ್ಲಿ ಕಾಗದ ಹರಿಯತೊಡಗಿದೆ.

ನನಗೆ ಸಿಗುವ ಮೈನರ್ ಸ್ಟ್ಯಾಟಿಸ್ಟಿಕ್ಸ್, ಅಂದರೆ ಸಂಖ್ಯಾಶಾಸ್ತ್ರ. ನನ್ನನ್ನು ಬಲ್ಲವರು ಇದನ್ನು ಕೇಳಿದರೆ ನಗುತ್ತಾರೆ. ಏಳನೇ ತರಗತಿಯಿಂದಲೂ ನಾನು ಎಲ್ಲವನ್ನೂ ಎಣಿಸಿ ಡೈರಿಗೆ ಹಾಕುವವಳು: ನಲ್ಲಿ ನೀರು ಬಂದ ದಿನಗಳು, ಬಸ್ಸು ತಡವಾದ ನಿಮಿಷಗಳು, ಪಕ್ಕದ ಮನೆ ಮೆಷಿನ್ನಿನಲ್ಲಿ ಮುರಿದ ಸೂಜಿಗಳು. ಹಾಡು ಬರುವುದಿಲ್ಲ, ರಂಗೋಲಿ ಹಾಕಿದರೆ ಚರಂಡಿಯ ಕಡೆಗೆ ವಾಲುತ್ತದೆ. ಬರುವುದು ಎಣಿಸುವುದೊಂದೇ. ಅದರಲ್ಲೇ ಪರೀಕ್ಷೆ ಬರೆದು ನಪಾಸಾದರೆ ನನ್ನಲ್ಲಿ ಉಳಿಯುವುದೇನು? ಈ ಯೋಚನೆ ಬಂದಾಗಲೆಲ್ಲ ಅಂಗೈ ಬೆವರುತ್ತದೆ. ನಿನ್ನೆ ಮಧ್ಯಾಹ್ನದವರೆಗೆ ಹದಿನಾಲ್ಕು ಸಲ ಬೆವರಿತು.

ಹೆದರಿದಾಗ ನಾನು ಲೆಕ್ಕ ಹಾಕುತ್ತೇನೆ. ಸಮ ಬಾರದಿರಲೆಂದು ಒಂಬತ್ತು ಜನರನ್ನು ಕೇಳಿದೆ. ಮಡಕಶಿರದ ಚಿಕ್ಕಮ್ಮ ಫೋನಿನಲ್ಲೇ ಗದರಿದಳು: "ತಗಳ್ಳಮ್ಮಿ ಅತ್ಲಾಗೆ! ಪುಸ್ತಕ ಏನು ಕಚ್ಚುತ್ತಾ? ನಂಗೇನು ಗೊತ್ತು, ನಿಮ್ಮವ್ವನ್ನ ಕೇಳು." ಅವ್ವ ತಲೆ ಎತ್ತದೆ, "ಚಿಕ್ಕಮ್ಮ ಏನಂದ್ಲು?" ಎಂದಳು. ಎರಡನ್ನೂ 'ಬೇಕು' ಎಂದು ಹಿಡಿದೆ.

ಗುರುತು ಹಾಕಲು ಕೈಗೆ ಸಿಕ್ಕಿದ್ದು ಅವ್ವನ ನಂಬರ್ ಸ್ಟಿಕ್ಕರಿನ ಸುರುಳಿ. ನಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ. ಕತ್ತರಿಸಿದ ತುಂಡುಗಳಿಗೆ ಅವ್ವ ನಂಬರ್ ಅಂಟಿಸುತ್ತಾಳೆ. ಪಕ್ಕದ ಮನೆಯ ನಾಗರತ್ನಕ್ಕ ಒಂದೇ ನಂಬರಿನ ಮುಂಭಾಗ, ಹಿಂಭಾಗ ಜೋಡಿಸಿ ಹೊಲಿಯುತ್ತಾಳೆ. ನಂಬರ್ ತಪ್ಪಿದರೆ ಒಂದೇ ಪ್ಯಾಂಟಿಗೆ ಎರಡು ನೀಲಿ. ಅವ್ವ ಇಪ್ಪತ್ತರವರೆಗೆ ಅಂಟಿಸಿ ಅಡಿಗೆಗೆ ಎದ್ದಿದ್ದಳು. ನಾನು ಮುಂದಿನ ಒಂಬತ್ತನ್ನು ಕಿತ್ತು ಬೀರುವಿಗೆ ಅಂಟಿಸಿದೆ: ಎಡಬಾಗಿಲು ಬೇಕು, ಬಲಬಾಗಿಲು ಬೇಡ. ಬೇಕು ಐದು, ಬೇಡ ನಾಲ್ಕು. ಗೆದ್ದದ್ದು ಕಂಡು ಇನ್ನಷ್ಟು ಹೆದರಿ, ಹತ್ತನೆಯವರನ್ನು ಹುಡುಕಿಕೊಂಡು ಹೊರಟೆ.

ನಿನ್ನೆ ಸಂಜೆ ನಾಗರತ್ನಕ್ಕ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಇಪ್ಪತ್ತರ ಮುಂದ ಮೂವತ್ತು ಐತಲ್ರಿ. ನಡುವಿನ ಒಂಬತ್ತು ಪ್ಯಾಂಟಿನ ಕಾಲು ಎಲ್ಲಿ ಹೋದ್ವು?"

"ನಾ ಎಲ್ಲಾ ಕೊಟ್ಟೀನಲ್ಲವ್ವಾ!" ಎಂದಳು ಅವ್ವ.

ಮಂಚದ ಕೆಳಗೆ, ಅಕ್ಕಿ ಡಬ್ಬಿಯ ಹಿಂದೆ, ಎಲ್ಲ ಕಡೆ ಹುಡುಕಿದೆವು. ನಾನಂತೂ ಹುಡುಕಿದ ಜಾಗಗಳ ಪಟ್ಟಿ ಮಾಡುತ್ತಲೇ ಹುಡುಕಿದೆ. ಹನ್ನೊಂದನೆಯ ಜಾಗ ಬೀರು. ಅದರ ಮುಂದೆ ನಿಂತು ಅವ್ವ "ಇಪ್ಪತ್ತೊಂದು, ಇಪ್ಪತ್ತೆರಡು" ಎಂದು ಓದತೊಡಗಿದಳು. ಮೈನರ್, ನಪಾಸು, ಎಲ್ಲವನ್ನೂ ಒದರಿಬಿಟ್ಟೆ. "ಎಣಸೋದೊಂದ ನನಗ ಬರೋದವ್ವಾ. ಅದೂ ಬರಂಗಿಲ್ಲಂತ ಗೊತ್ತಾದ್ರ?"

"ಗೊತ್ತಾತಲ್ಲ ಈಗ," ಎಂದಳು ಅವ್ವ. "ಬರ್ತಿದ್ರ ಕಾಲೇಜಿಗ್ಯಾಕ ಹೋಗಬೇಕಿತ್ತು? ಬಾ, ಇವನ್ನ ಕೀಳು."

"ಓಣಿಗೊಬ್ಬಾಕಿ ಲೆಕ್ಕದಾಕಿ ಇದ್ಲು, ಆಕಿನೂ ಹೋದ್ಲು ನೋಡ್ರಿ!" ಎಂದು ನಾಗರತ್ನಕ್ಕ ಬಿದ್ದು ಬಿದ್ದು ನಕ್ಕಳು.

ಇಪ್ಪತ್ತಾದ ಮೇಲೆ ಅವ್ವ ನಂಬರ್ ನೋಡದೆ ಮೂವತ್ತರಿಂದ ಅಂಟಿಸಿದ್ದನ್ನೆಲ್ಲ ಮೂವರೂ ಕೂತು ಕಿತ್ತು ಸರಿಯಾಗಿ ಅಂಟಿಸಿದೆವು. ಬೀರುವಿನ ಒಂಬತ್ತೂ ತಮ್ಮ ತಮ್ಮ ತುಂಡಿಗೆ ಸೇರಿದವು. ಯಾವುದು ಯಾವ ಬಾಗಿಲಿನದೆಂದು ಬರೆದಿಡಲಿಲ್ಲ. ಡೈರಿ ಶುರುಮಾಡಿದ ಮೇಲೆ ಇಂಥದ್ದು ಇದೇ ಮೊದಲು.

ಈಗ ಹನ್ನೊಂದೂ ಐದು. 'ಬೇಕು' ಚೌಕದಲ್ಲಿ ಟಿಕ್ ಹಾಕಿದ್ದೇನೆ, ಪೆನ್ಸಿಲಿನಲ್ಲಿ. ಸ್ಟ್ಯಾಟಿಸ್ಟಿಕ್ಸ್ ಮೈನರ್ ತೆಗೆದುಕೊಂಡು ಬದುಕಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಹೊಸ ಜೀನ್ಸಿನೊಳಗೆ ಇಪ್ಪತ್ತೊಂದರಿಂದ ಇಪ್ಪತ್ತೊಂಬತ್ತರೊಳಗಿನ ಸ್ಟಿಕ್ಕರ್ ಸಿಕ್ಕವರೂ ಬರೆಯಿರಿ. ಅದು ನಮ್ಮವರೊಬ್ಬರ ಅಭಿಪ್ರಾಯ, ಯಾರದೆಂದು ನನಗೂ ಗೊತ್ತಿಲ್ಲ. ಹತ್ತನೆಯವರು ಮಾತ್ರ ಇನ್ನೂ ಸಿಕ್ಕಿಲ್ಲ.