ಹಾಕಿ ಮೈದಾನಕ್ಕೆ ಮಜ್ಜಿಗೆ

ಯಾದಗಿರಿಯಲ್ಲಿ ಅಂತರರಾಷ್ಟ್ರೀಯ ಹಾಕಿ ಪಂದ್ಯ ನಡೆಸುವುದು ಏನೇನೂ ಕಷ್ಟದ ಕೆಲಸವಲ್ಲ ಎಂದು ನನಗೆ ಮೊದಲಿನಿಂದಲೂ ಖಾತ್ರಿಯಿತ್ತು. ನಮ್ಮೂರಲ್ಲಿ ದೊಡ್ಡ ಮೈದಾನವಿತ್ತು, ರೈಲ್ವೆ ಸ್ಟೇಷನ್ ಇತ್ತು, ಚಹಾದಂಗಡಿಗಳು ಬೇಕಾದಷ್ಟಿದ್ದವು. ಹಾಕಿ ಆಡುವವರು ಮಾತ್ರ ಇರಲಿಲ್ಲ. ಹಾಕಿ ಎಂದರೇನೆಂದು ಸರಿಯಾಗಿ ಬಲ್ಲವರೂ ಇರಲಿಲ್ಲ. ಇಂಥ ಸಣ್ಣಪುಟ್ಟ ಅಡಚಣೆಗಳಿಗೆ ಹೆದರುವ ಮನುಷ್ಯ ನಾನಲ್ಲ!

ಆಗ ನಾನು ಸ್ಟೇಷನ್ ರಸ್ತೆಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದೆ. ಹಿಂದಿನ ಕೋಣೆಯಲ್ಲಿ ಒಂದು ಕೇರಂ ಬೋರ್ಡು. ಅದರ ಸುತ್ತ ಕೂಡುತ್ತಿದ್ದ ನಾವು ನಾಲ್ಕು ಜನ ನಮ್ಮನ್ನು ನಾವೇ ಕ್ರೀಡಾ ಸಂಘವೆಂದು ಕರೆದುಕೊಂಡಿದ್ದೆವು. ಕೋಣೆ ನನ್ನದಾದ್ದರಿಂದ ಸೆಕ್ರೆಟರಿ ನಾನೇ ಆಗಿದ್ದೆ.

ನಿಜಾಮರ ಕಾಲ ಮುಗಿದು, ಇನ್ನೇನು ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರುತ್ತೇವೆ ಎಂದು ಚಹಾದಂಗಡಿಗಳಲ್ಲಿ ದಿನವೂ ಮಾತು ನಡೆಯುತ್ತಿದ್ದ ವರ್ಷಗಳವು. ಹೊಸ ರಾಜ್ಯವಾದರೆ ಹೊಸ ಜಿಲ್ಲೆಗಳೂ ಆಗಬೇಕಲ್ಲ! ಕಲಬುರಗಿಯಿಂದ ಬೇರೆಯಾಗಿ ನಮ್ಮ ಯಾದಗಿರಿ ಜಿಲ್ಲೆಯಾಗಬೇಕು ಎಂಬುದು ನನ್ನ ವಾದ. ಶಹಾಪುರ, ಸುರಪುರ ಎರಡೂ ನಮ್ಮ ಕೈಕೆಳಗೆ ಬರಬೇಕು ಎಂಬುದು ಆ ವಾದದ ಸಿಹಿಯಾದ ಭಾಗ. ಯಾಕೆಂದರೆ ನನ್ನ ಹೆಂಡತಿ ಗೌರವ್ವ ಸುರಪುರದವಳು.

ಅವಳ ತಮ್ಮ ಹಣಮಂತ ಪೈಲ್ವಾನ. ಬಾಗಿಲಲ್ಲಿ ಬಂದು ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಬಂದಾಗಲೆಲ್ಲ ಅಕ್ಕ ಬಡಿದ ರೊಟ್ಟಿ ತಿನ್ನುತ್ತ ನನ್ನ ಊರನ್ನು ಹಳಿಯುವುದು ಅವನ ಪದ್ಧತಿ.

"ಮಾಮಾ, ನಮ್ಮದು ರಾಜರು ಆಳಿದ ಊರ್ರಿ. ಅರಮನಿ ಅದ, ದರ್ಬಾರ ಅದ. ನಿಮ್ಮೂರಾಗೇನದ? ರೈಲ್ ಗಾಡಿ ಬರ್ತದ, ನೀರು ಕುಡೀತದ, ಹೋಗ್ತದ!"

"ಯಾಕ, ನಮ್ಮ ಗುಡ್ಡದ ಮ್ಯಾಲಿನ ಕೋಟಿ ಕಾಣಂಗಿಲ್ಲೇನು ನಿನಗ?"

"ಕಾಣ್ತದ್ರಿ. ಗಾಡಿ ಹೋಗುಮುಂದ ಕಿಡಕ್ಯಾಗಿಂದ."

ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ರಕ್ತ ಕುದಿಯಿತು.

"ಹಣಮ್ಯಾ, ಕೇಳಿಲ್ಲೆ. ಇದೇ ಯಾದಗಿರ್‍ಯಾಗ ಪರದೇಶದವರನ್ನ ಕರಿಸಿ ಆಟ ಆಡಸ್ತೀನಿ. ಆವಾಗರ ಒಪ್ಪತೀಯೇನು?"

ಅಲ್ಲಿಗೆ ಪಂಥ ಬಿತ್ತು. ಯಾದಗಿರಿಯ ಹೆಸರು ಹೊರದೇಶಕ್ಕೆ ಮುಟ್ಟಿದರೆ ಹಣಮಂತ ನಮ್ಮೂರ ಬಜಾರಿನಲ್ಲಿ ನಿಂತು 'ನಿಮ್ಮೂರೇ ದೊಡ್ಡದು' ಎಂದು ಕೂಗಬೇಕು. ಮುಟ್ಟದಿದ್ದರೆ ನಾನು ಸುರಪುರದ ಬಜಾರಿನಲ್ಲಿ ಅದನ್ನೇ ಕೂಗಬೇಕು. ನ್ಯಾಯ ಹೇಳುವವಳು ಗೌರವ್ವ. ಸುರಪುರದವಳನ್ನೇ ನ್ಯಾಯಕ್ಕೆ ಕೂರಿಸಿದ್ದು ನನ್ನ ಆತ್ಮವಿಶ್ವಾಸದ ಅಳತೆ!

ದೇವರು ದೊಡ್ಡವನು. ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ನನ್ನ ಕಾಕನ ಮಗ ಚನ್ನಬಸವ ಒಂದು ಸುದ್ದಿ ತಂದ. ಸಿಲೋನಿನ ಹಾಕಿ ತಂಡವೊಂದು ಮುಂಬಯಿಯಲ್ಲಿ ಆಡಿ ಮದ್ರಾಸಿನ ಗಾಡಿಯಲ್ಲಿ ಊರಿಗೆ ಹೊರಟಿತ್ತು. ನಡುವೆ ಒಂದು ದಿನ ಇಳಿದು ವಾಡಿಯ ರೈಲ್ವೆ ಹುಡುಗರ ಜೊತೆ ಸುಮ್ಮನೆ ಒಂದು ಆಟ ಆಡಲು ಒಪ್ಪಿತ್ತು. ಆದರೆ ವಾಡಿಯ ಮೈದಾನದ ತುಂಬ ಕಲ್ಲಿನ ಚೂರು. ಬಿದ್ದರೆ ಮೊಣಕಾಲು ಕಿತ್ತು ಬರುತ್ತದೆಂದು ತಂಡದ ಮ್ಯಾನೇಜರ್ ಅನುಮಾನಿಸುತ್ತಿದ್ದನಂತೆ.

"ಕಲ್ಲಿಗೆ ಹೆದರ್‍ಯಾರೇನು? ಯಾದಗಿರಿಗೆ ಕರಕೊಂಡು ಬಾ!" ಎಂದೆ. "ಬಿದ್ದವರಿಗೆ ಏಳಾಕ ಮನಸಾಗಬಾರದು, ಅಂಥಾ ನೆಲ ಮಾಡಿಸಿ ಕೊಡ್ತೀನಿ. ಇದು ನನ್ನ ಮಾತು."

ಆಗಲೇ ಚನ್ನಬಸವ ಏನಾದರೂ ಕೇಳಿದ್ದರೆ ಚೆನ್ನಾಗಿತ್ತು. ಅವನಿಗೆ ಗಾಡಿಯ ಅವಸರ. ಓಡಿಹೋದ.

ನೆಲ ಹದ ಮಾಡುವುದರಲ್ಲಿ ನಮ್ಮ ಸೀಮೆಯಲ್ಲಿ ತಾಲೀಮಿನ ಮಹಬೂಬ್ ಉಸ್ತಾದರನ್ನು ಮೀರಿಸಿದವರಿರಲಿಲ್ಲ. ದೊಡ್ಡ ಪೈಲ್ವಾನರು ಬರುತ್ತಾರೆಂದರೆ ಅವರು ಕುಸ್ತಿ ಕಣವನ್ನು ಅಗೆಸಿ, ಕೆಂಪು ಮಣ್ಣು ಜರಡಿ ಹಿಡಿಸಿ, ಅದಕ್ಕೆ ಅರಿಶಿನ, ಎಣ್ಣೆ, ನಿಂಬೆರಸ, ಮಜ್ಜಿಗೆ ಕೂಡಿಸಿ ಕಾಲಲ್ಲಿ ತುಳಿಸುತ್ತಿದ್ದರು. ಬರುವ ಪೈಲ್ವಾನ ಎಷ್ಟು ದೊಡ್ಡವನೋ ಮಣ್ಣು ಅಷ್ಟು ಮೆತ್ತಗಿರಬೇಕು. ಅದೇ ಅವನಿಗೆ ಮರ್ಯಾದೆ. ಇನ್ನು ಸಮುದ್ರ ದಾಟಿ ಬಂದವರಿಗೆ ಎಷ್ಟು ಮೆತ್ತಗಿರಬೇಕು, ನೀವೇ ಹೇಳಿ!

ಉಸ್ತಾದರು ಗಡ್ಡ ಸವರಿಕೊಂಡು ವಿಚಾರಿಸಿದರು. "ಒಮ್ಮಿಗೆ ಎಷ್ಟು ಮಂದಿ ಇಳೀತಾರ, ಸೆಕ್ರೆಟ್ರಿ ಸಾಬ್?"

"ಇಪ್ಪತ್ತೆರಡು ಮಂದಿ."

"ಯಾ ಅಲ್ಲಾ! ಇಪ್ಪತ್ತೆರಡು ಮಂದಿ ಒಮ್ಮಿಗೆ? ಬರಿಗೈಲೇನ್ರಿ?"

"ಇಲ್ಲ ಉಸ್ತಾದ್, ಎಲ್ಲಾರ ಕೈಯಾಗೂ ಒಂದೊಂದು ಬಡಿಗಿ ಇರ್ತದ."

ಉಸ್ತಾದರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಹಂಗಂದ್ರ ಮಣ್ಣು ಇನ್ನಾ ಮೆತ್ತಗ ಬೇಕ್ರಿ" ಎಂದರು.

ಪಕ್ಕದ ಹಳ್ಳಿ ಹತ್ತಿಕುಣಿಯಿಂದ ಎತ್ತುಗಳು ಬಂದವು. ಮೈದಾನವನ್ನು ಈ ತುದಿಯಿಂದ ಆ ತುದಿಯವರೆಗೆ ನೇಗಿಲು ಹೊಡೆದು, ಅಡ್ಡ ಕುಂಟೆ ಹೊಡೆದು, ಹೆಂಟೆಗಳನ್ನೆಲ್ಲ ಕೈಯಿಂದ ಪುಡಿ ಮಾಡಿದರು. ನಡುಭಾಗಕ್ಕೆ ಗಾಡಿಗಟ್ಟಲೆ ಕೆಂಪು ಮಣ್ಣು ಬಿತ್ತು. ಮಜ್ಜಿಗೆಯನ್ನು ಮನೆಮನೆಯಿಂದ ಎತ್ತಿದೆವು. ಊರಿನ ಮಾನದ ಪ್ರಶ್ನೆ ಎಂದೊಡನೆ ಜನ ಗಡಿಗೆ ಗಡಿಗೆ ಸುರಿದರು. ಹಿಂದೂ ಮನೆಯದೂ ಮುಸಲ್ಮಾನರ ಮನೆಯದೂ ಒಂದೇ ಮಣ್ಣಿನಲ್ಲಿ ಕೂಡಿ ಘಮಘಮ ಎನ್ನತೊಡಗಿತು. ನಾನು ಒಂದು ಹಿಡಿ ಎತ್ತಿ, ಮೂಸಿ, "ಶಭಾಸ್!" ಎಂದೆ.

ಮನೆಯಲ್ಲಿ ಗೌರವ್ವ ಒಣ ರೊಟ್ಟಿ ಮುಂದಿಟ್ಟಳು. "ಊರಾಗ ಒಂದು ಹನಿ ಮಜ್ಜಿಗಿ ಉಳದಿಲ್ಲ. ನೀರು ಕುಡುದು ಏಳ್ರಿ."

"ನಾಕು ದಿನ ಮೈದಾನ ಉಣ್ಣಲಿ ಬಿಡು. ಜಿಲ್ಲಾ ಆದಮ್ಯಾಲ ನಾವು ಉಣ್ಣೋಣು."

"ಅಲ್ರಿ, ಚಂಡು ಉಳ್ಳತದ ಅಂತೀರಿ. ಆ ಮಣ್ಣಾಗ ಚಂಡು ಹೆಂಗ ಉಳ್ಳತದ್ರಿ?"

"ನಿನಗ ಹಾಕಿ ತಿಳಿಯಂಗಿಲ್ಲ, ಸುಮ್ಮಕಿರು."

ನನಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಸೆಕ್ರೆಟರಿ!

ಪಂದ್ಯದ ದಿನ ಬೆಳಗ್ಗೆ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಜಾದವರು, ಹೂವಿನ ಹಾರ, ಕನ್ನಡ ಉರ್ದು ಇಂಗ್ಲಿಷಿನಲ್ಲಿ ಬರೆಸಿದ ಸ್ವಾಗತದ ಬಟ್ಟೆ, ಎಲ್ಲದರ ಮುಂದೆ ಹೊಸ ಬಿಳಿ ಕೋಟು ತೊಟ್ಟ ನಾನು. ಕಲಬುರಗಿಯಿಂದ ಕಚೇರಿಯ ದೊಡ್ಡ ಸಾಹೇಬರೊಬ್ಬರೂ ನನ್ನ ಕಾಟ ತಾಳಲಾರದೆ ಬಂದಿದ್ದರು. ಯಾದಗಿರಿ ಎಂಥ ಊರೆಂದು ಅವರು ಕಣ್ಣಾರೆ ನೋಡಿ ಮೇಲಿನವರಿಗೆ ಹೇಳಿದರೆ ಜಿಲ್ಲೆಯಾದಂತೆಯೇ ಎಂಬುದು ನನ್ನ ಲೆಕ್ಕ.

ಗಾಡಿ ನಿಂತಿತು. ಪರದೇಶದವರೆಂದರೆ ಬೆಳ್ಳಗೆ, ಕೆಂಪು ಮೂಗಿನವರು ಇಳಿಯುತ್ತಾರೆಂದು ಜನ ಕತ್ತು ಚಾಚಿದ್ದರು. ಇಳಿದವರು ನೋಡಿದರೆ ನಮ್ಮ ಹಾಗೆಯೇ ಕಪ್ಪಗೆ, ನಮ್ಮ ಹಾಗೆಯೇ ಗುಂಗುರು ಕೂದಲು!

"ಮಾಮಾ," ಎಂದು ಹಣಮಂತ ಕಿವಿಯ ಹತ್ತಿರ ಬಂದ. "ಇವರು ಶಹಾಪುರದವರಲ್ಲ ಹೌದಿಲ್ರಿ? ಆ ಮುಂದಿನವ ಥೇಟ್ ನಮ್ಮ ಶಹಾಪುರದ ಬೀಗರಂಗ ಅದಾನ!"

ಒಬ್ಬ ಮುದುಕಿ ನೇರವಾಗಿ ಕ್ಯಾಪ್ಟನ್ನನ ಗಲ್ಲ ಹಿಡಿದು, "ಯಾರ ಮಗ ಯಪ್ಪಾ ನೀ?" ಎಂದು ಕೇಳಿಯೇಬಿಟ್ಟಳು. ಅವನು ಏನೂ ತಿಳಿಯದೆ ನಕ್ಕು ಅವಳ ಕಾಲು ಮುಟ್ಟಿದ. ಹಾರಕ್ಕಿಂತ ಮೊದಲು ಆಶೀರ್ವಾದ ಸಿಕ್ಕಿತು.

ಮೆರವಣಿಗೆಯಲ್ಲಿ ಮೈದಾನಕ್ಕೆ ಬಂದೆವು. ಆಟಗಾರರು ಅಂಚಿನಲ್ಲೇ ನಿಂತರು. ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಏನಂತ?" ಎಂದು ಚನ್ನಬಸವನನ್ನು ಕೇಳಿದೆ.

ಚನ್ನಬಸವನ ಮುಖ ಸುಣ್ಣದ ಗೋಡೆಯಾಗಿತ್ತು. "ಬಿತ್ತೋದು ಯಾವಾಗ ಅಂತ ಕೇಳಾಕತ್ತಾನ. ಅಣ್ಣಾ, ಏನು ಮಾಡಿಟ್ಟೀ ಇದು? ಹಾಕಿಗೆ ನೆಲ ಕಲ್ಲಿನಂಗ ಗಟ್ಟಿ ಬೇಕೋ!"

"ಕಲ್ಲು ಬ್ಯಾಡಂದಿದ್ದೆಲ್ಲೋ ನೀ?"

"ಕಲ್ಲು ಬ್ಯಾಡಂದಿದ್ದೆ. ಗಟ್ಟಿ ಬ್ಯಾಡಂದಿದ್ದಿಲ್ಲ!"

ಈಗ ಏನು ಮಾಡುವುದು? ಸುತ್ತ ಮೂರೂ ತಾಲೂಕಿನ ಜನ. ಶಾಮಿಯಾನದಲ್ಲಿ ಸಾಹೇಬರು. ಹೇಗಾದರಾಗಲಿ ಎಂದು ಸೀಟಿ ಊದಿಸಿದೆ.

ನಡುವೆ ಇಟ್ಟ ಚೆಂಡು ಇಟ್ಟಲ್ಲೇ ಅರ್ಧ ಇಳಿಯಿತು. ಕ್ಯಾಪ್ಟನ್ ಬಲವಾಗಿ ಹೊಡೆದ. ಚೆಂಡು ಮುಂದೆ ಹೋಗಲಿಲ್ಲ, ಒಳಗೆ ಹೋಯಿತು! ಇನ್ನೊಬ್ಬ ಅದನ್ನು ಎತ್ತಲು ಹೋದರೆ ಕೋಲು ನಾಟಿಕೊಂಡಿತು. ವಾಡಿಯ ಹುಡುಗನೊಬ್ಬ ಓಡಿ ಬಂದ. ಅವನ ಬೂಟುಗಳು ಹಿಂದೆಯೇ ಉಳಿದವು. ಸ್ವಲ್ಪ ಹೊತ್ತಿಗೆ ಇಪ್ಪತ್ತೆರಡು ಜನರೂ ಬಗ್ಗಿ ಹೊಲದಲ್ಲಿ ಶೇಂಗಾ ಆರಿಸುವವರ ಹಾಗೆ ಚೆಂಡು ಹುಡುಕುತ್ತಿದ್ದರು.

ಸಾಹೇಬರು ನನ್ನನ್ನು ಹತ್ತಿರ ಕರೆದರು. "ಇದು ಯಾವ ಆಟ?"

"ಹಾಕಿ, ಸಾಹೇಬ್ರ."

"ಒಳ್ಳೇದು. ಯಾವಾಗ ಶುರುವಾಗ್ತದ?"

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅದಕ್ಕೆ ಅನುಕೂಲವೂ ಇತ್ತು. ಅಷ್ಟು ಮೆತ್ತಗೆ ಮಾಡಿಸಿದ್ದೆ! ಅತ್ತ ನೋಡಿದರೆ ಉಸ್ತಾದರ ಕಣ್ಣಲ್ಲಿ ನೀರು. ಹಗಲೆಲ್ಲ ಮಣ್ಣು ತುಳಿದ ಮನುಷ್ಯ. "ಬಡಿಗಿ ಯಾಕ ಹಿಡದಾರ್ರಿ ಇವರು? ಕೆಳಗ ಇಟ್ಟು ಬರ್ರಿ ಅಂತ ಹೇಳ್ರಿ" ಎಂದು ಬೇಡಿಕೊಂಡರು.

ಆಗ ಗೋಲು ಕಾಯುವ ಸಿಲೋನಿನ ಗೋಲಿ, ಆನೆಯಂಥ ಆಳು, ಮಜ್ಜಿಗೆಯ ಮೇಲೆ ಜಾರಿ ದಪ್ಪನೆ ಅಂಗಾತ ಬಿದ್ದ. ಮೈದಾನವೆಲ್ಲ ಉಸಿರು ಬಿಗಿಹಿಡಿಯಿತು. ಅವನು ಮೆಲ್ಲಗೆ ಎದ್ದ. ಬೆನ್ನು ಮುಟ್ಟಿ ನೋಡಿಕೊಂಡ. ಏನೂ ಆಗಿರಲಿಲ್ಲ. ಮುಖ ಅರಳಿತು. ಬೇಕೆಂದೇ ಇನ್ನೊಮ್ಮೆ ಬಿದ್ದ! ಎದ್ದು ಅಂಗಿ ಬಿಚ್ಚಿ ಎಸೆದು, ಎರಡೂ ತೋಳು ಅಗಲಿಸಿ ಜನರತ್ತ ತಿರುಗಿ ನಗುತ್ತ ನಿಂತ.

ಇಂಥ ಆಮಂತ್ರಣಕ್ಕೆ ಯಾವ ಭಾಷೆಯೂ ಬೇಡ. ಹಣಮಂತ ಧೋತರ ಕಳಚಿ ಲಂಗೋಟಿಯಲ್ಲಿ ಇಳಿದು ತೊಡೆ ತಟ್ಟಿದ. ಜನ ಹೋ ಎಂದು ಕೂಗಿದ ಕೂಗಿಗೆ ಗುಡ್ಡದ ಮೇಲಿನ ಪಾರಿವಾಳಗಳು ಎದ್ದವು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಮಣ್ಣೆಲ್ಲ ಹೊರಳಾಡಿ, ಕಡೆಗೆ ಹಣಮಂತ ಅವನನ್ನು ಸೊಂಟಕ್ಕೆ ಏರಿಸಿ ಚಿತ್ ಮಾಡಿದ. ಬಿದ್ದವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ! ಅವನ ಸೇಡು ತೀರಿಸಲು ಕ್ಯಾಪ್ಟನ್ ಕೋಲು ಬಿಸಾಕಿ ಬಂದ. ಕ್ಯಾಪ್ಟನ್ನನ ಮೇಲೆ ವಾಡಿಯವರು ಬಿದ್ದರು. ವಾಡಿಯವರ ಮೇಲೆ ಉಳಿದ ಸಿಲೋನಿನವರೆಲ್ಲ ಬಿದ್ದರು. ಉಸ್ತಾದರು ಕುಣಿಯತೊಡಗಿದರು.

"ನೋಡ್ರಿ ಸೆಕ್ರೆಟ್ರಿ ಸಾಬ್! ಇಪ್ಪತ್ತೆರಡು ಮಂದಿ ಒಮ್ಮಿಗೆ!"

"ಹಾಕಿ! ಹಾಕಿ ಆಡ್ರಪ್ಪೋ!" ಎನ್ನುತ್ತ ನಾನು ಬಿಡಿಸಲು ಓಡಿದೆ. ಗೋಲಿ ನನ್ನನ್ನು ಪ್ರೀತಿಯಿಂದ ಎತ್ತಿದ. ಹೊಸ ಕೋಟಿನ ಸಮೇತ ಪ್ರೀತಿಯಿಂದಲೇ ಒಗೆದ. ಮಣ್ಣಿನಲ್ಲಿ ಅಂಗಾತ ಮಲಗಿ ಆಕಾಶ ನೋಡುವಾಗ ಒಂದು ಸಮಾಧಾನವಾಯಿತು. ಬಿದ್ದವರಿಗೆ ಏಳಲು ಮನಸ್ಸಾಗದಂಥ ನೆಲ ಎಂದು ನಾನು ಕೊಟ್ಟ ಮಾತು ಅಕ್ಷರಶಃ ನಿಜವಾಗಿತ್ತು.

ಸಾಹೇಬರಿಗೆ ಆನಂದವೋ ಆನಂದ. ಹಣಮಂತನಿಗೆ ತಾವೇ ರುಮಾಲು ಸುತ್ತಿದರು. "ಯಾವ ಊರಪಾ ನಿಂದು?"

"ಸುರಪುರ್ರಿ!"

ಸಾಹೇಬರು ಭಾಷಣಕ್ಕೆ ನಿಂತರು. ಸುರಪುರದ ಮಣ್ಣಿನ ಗುಣ, ಸುರಪುರದ ವೀರರು, ಸುರಪುರದ ಹೆಸರು ಇಂದು ಸಮುದ್ರ ದಾಟಿದ್ದು, ಎಲ್ಲವನ್ನೂ ಕೊಂಡಾಡಿದರು. ಯಾದಗಿರಿಯ ಹೆಸರನ್ನೂ ಒಮ್ಮೆ ಎತ್ತಿದರು. ಕೆಳಗಿಳಿದ ಮೇಲೆ, "ಯಾದಗಿರಿ ಸ್ಟೇಷನ್ನಿಗೆ ಗಾಡಿ ಎಷ್ಟಕ್ಕ ಬರ್ತದ?" ಎಂದು ಕೇಳಿದಾಗ.

ಸಂಜೆ ಸ್ಟೇಷನ್ನಿನಲ್ಲಿ ಆಟಗಾರರ ಮೈಯೆಲ್ಲ ಹಳದಿ. ಎಷ್ಟು ತೊಳೆದರೂ ಅರಿಶಿನ ಬಿಟ್ಟಿರಲಿಲ್ಲ. ಗಾಡಿಯ ಡಬ್ಬಿಯೊಳಗಿನ ಹೆಂಗಸೊಬ್ಬಳು ಕಿಟಕಿಯಿಂದ ನೋಡಿ, "ಯವ್ವಾ, ಎಷ್ಟು ಮದುಮಕ್ಕಳು! ಲಗ್ನ ಎಲ್ಲಿರಿ?" ಎಂದಳು. "ಸಿಲೋನದಾಗ್ರಿ!" ಎಂದು ಹಣಮಂತ ಕೂಗಿದ. ಮ್ಯಾನೇಜರ್ ನನ್ನ ಎರಡೂ ಕೈ ಹಿಡಿದು, ಎಷ್ಟೋ ಊರಲ್ಲಿ ಆಡಿದ್ದೇವೆ, ಯಾವುದು ಮರೆತರೂ ಇದನ್ನು ಮರೆಯುವುದಿಲ್ಲ ಎಂದನಂತೆ. ಚನ್ನಬಸವ ಹೇಳಿದ. ಗಾಡಿ ಹೊರಟು, ಅವರು ಹಳದಿ ಕೈಗಳನ್ನು ಬೀಸುವಾಗ ನಾನು ಹಳದಿಯಾದ ಕೋಟನ್ನೇ ಬಿಚ್ಚಿ ಬೀಸಿದೆ.

ಮನೆಯಲ್ಲಿ ಗೌರವ್ವ ನ್ಯಾಯಕ್ಕೆ ಕೂತಳು. "ಪರದೇಶದವರು ಬಂದ್ರು, ಖರೆ. ಆಟ ಆತು, ಅದೂ ಖರೆ. ಆದ್ರ ಸಮುದ್ರ ದಾಟಿದ್ದು ಯಾ ಊರ ಹೆಸರು? ಸಾಹೇಬ್ರು ಹೇಳ್ಯಾರ, ನಾನಲ್ಲ." ತಮ್ಮನ ತಾಟಿಗೆ ಇನ್ನೊಂದು ರೊಟ್ಟಿ ಬಿತ್ತು.

ಮಾತಿಗೆ ತಪ್ಪುವವ ನಾನಲ್ಲ. ಸುರಪುರದ ಬಜಾರಿನಲ್ಲಿ ಒಂದು ಕಟ್ಟೆ ಹತ್ತಿ ಕಣ್ಣು ಮುಚ್ಚಿ ಕೂಗಿದೆ. "ನಿಮ್ಮೂರೇ ದೊಡ್ಡದ್ರಪ್ಪೋ!"

ಬದನೆಕಾಯಿ ಮಾರುತ್ತಿದ್ದವಳು ತಲೆ ಎತ್ತಿದಳು. "ಅದು ನಮಗ ಗೊತ್ತದ. ನೀವ್ಯಾರ್ರಿ?"

ಆ ಮಳೆಗಾಲ ನಮ್ಮ ಮೈದಾನದಲ್ಲಿ ಆಳೆತ್ತರ ಹುಲ್ಲು ಬೆಳೆಯಿತು. ಕನ್ನಡದವರ ರಾಜ್ಯವಾಯಿತು. ಯಾದಗಿರಿ ಜಿಲ್ಲೆಯಾಗಲಿಲ್ಲ. ಅಂಗಡಿ ಹೋಯಿತು, ಹಲ್ಲು ಹೋದವು, ಮೊಮ್ಮಕ್ಕಳು ಬಂದರು, ಆಗಲೂ ಇಲ್ಲ. ಅರ್ಧ ಶತಮಾನವೇ ಕಳೆದ ಮೇಲೆ ಒಂದು ದಿನ ಟಿವಿಯಲ್ಲಿ ಸುದ್ದಿ ಬಂತು, ಯಾದಗಿರಿ ಜಿಲ್ಲೆಯಾಯಿತು ಎಂದು. ಶಹಾಪುರ, ಸುರಪುರ ಎರಡೂ ನಮ್ಮ ಕೆಳಗೆ! ನಾನು ಕೋಲೂರಿಕೊಂಡು ಎದ್ದು ನಿಂತೆ.

"ಕೇಳಿದೇನು ಗೌರಾ? ನಾ ಆವಾಗೇ ಹೇಳಿದ್ದೆ. ಆದ್ರ ಇಷ್ಟು ವರ್ಷ ಯಾಕ ತಡ ಮಾಡಿದ್ರೋ ಏನೋ!"

ಗೌರವ್ವ ತನ್ನ ಮಜ್ಜಿಗೆಯ ಲೋಟದಿಂದ ಬಾಯಿ ತೆಗೆಯಲೂ ಇಲ್ಲ.

"ನೆಲ ಗಟ್ಟಿಯಾಗಬೇಕಲ್ರಿ" ಎಂದಳು.