ಟಿವಿಯ ಬಾಗಿಲು ಮತ್ತು ನನ್ನ ಎರಡು ಬೆರಳು

ತಮಾಷೆ ಎಲ್ಲಿಗೆ ನಿಲ್ಲಬೇಕು ಎಂಬುದು ಒಂದು ಕಾಲದಲ್ಲಿ ನನಗೆ ಬಹಳ ಚೆನ್ನಾಗಿ ಗೊತ್ತಿತ್ತು. ಕಲ್ಕತ್ತೆಯ ಲೇಕ್ ಗಾರ್ಡನ್ಸಿನಲ್ಲಿ ಮೂರಂತಸ್ತಿನ ಬಾಡಿಗೆ ಕಟ್ಟಡವೊಂದರ ಕೆಳಗಿನ ಮನೆಯಲ್ಲಿದ್ದುಕೊಂಡು, ಎಸ್ಸೆಸ್ಸೆಲ್ಸಿ ಪಾಸಾದ ಬ್ಯಾಂಕ್ ಗುಮಾಸ್ತನಾದ ನಾನು, ಪ್ರತಿ ಶನಿವಾರ ಸಂಜೆ ಅದನ್ನು ನಿರ್ಧರಿಸುತ್ತಿದ್ದೆ. ಈಗ ನನಗೆ ಎಪ್ಪತ್ತೆಂಟು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ.

ಆಗ ಟಿವಿಗೆ ಬಾಗಿಲು ಇರುತ್ತಿತ್ತು. ಈಗಿನವರು ನಂಬುವುದಿಲ್ಲ. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮುಂದೆ ಎರಡೂ ಬದಿಯಿಂದ ಎಳೆದು ಮುಚ್ಚುವ ಪಟ್ಟಿ ಪಟ್ಟಿಯ ಬಾಗಿಲು, ಅದಕ್ಕೊಂದು ಬೀಗ. ಇಡೀ ಕಟ್ಟಡದಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಬ್ಯಾಂಕಿನಲ್ಲಿ ಮ್ಯಾನೇಜರು ನನ್ನನ್ನು ‘ಏ ಶೆಟ್ಟಿ’ ಎನ್ನುತ್ತಿದ್ದರು. ಶನಿವಾರ ಸಂಜೆ ಬೀಗದ ಕೈ ಹಿಡಿದು ನಿಂತರೆ ನಾನು ಶೆಟ್ಟಿಬಾಬು.

ಶನಿವಾರ ಬಂಗಾಳಿಯಲ್ಲೊಂದು ಅಣಕದ ಕಾರ್ಯಕ್ರಮ ಬರುತ್ತಿತ್ತು. ಒಂದು ಮನೆ, ಆ ಮನೆಯ ನಾಲ್ಕು ಜನ, ವಾರಕ್ಕೊಂದು ವಿಷಯ ಹಿಡಿದು ಅದರ ಚರ್ಮ ಸುಲಿಯುವುದು. ಅವರು ಮಂತ್ರಿಗಳನ್ನು, ಮೆರವಣಿಗೆಗಳನ್ನು, ಲೋಡ್‌ಶೆಡ್ಡಿಂಗನ್ನು ಅಣಕಿಸುತ್ತಿದ್ದಷ್ಟು ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಾಕ್ ಸ್ವಾತಂತ್ರ್ಯ ಎಂದರೆ ಇದೇ ಎಂದು ಹೆಂಡತಿ ಸರೋಜಳಿಗೆ ವಿವರಿಸಿದೆ. ಒಂದು ಶನಿವಾರ ಅವರು ಬ್ಯಾಂಕ್ ಗುಮಾಸ್ತರನ್ನು ಹಿಡಿದರು. ವಾಕ್ ಸ್ವಾತಂತ್ರ್ಯಕ್ಕೂ ಒಂದು ಮಿತಿಯಿದೆ ಎಂಬುದು ನನಗೆ ಆವತ್ತು ಹೊಳೆಯಿತು.

ಮುಂದಿನ ವಾರ ಅವರು ಸಾವಿಗೇ ಕೈ ಹಾಕಿದರು. ಮುದುಕನೊಬ್ಬ ಸಾಯುತ್ತಿಲ್ಲ, ನೆಂಟರು ಶ್ರಾದ್ಧದ ಊಟಕ್ಕೆಂದು ಮೊದಲೇ ಬಂದು ಕೂತಿದ್ದಾರೆ. ಟಿವಿ ನೋಡಲು ಬಂದ ಮಕ್ಕಳು ಮರಿ, ಹಿರಿಯರು ಎಲ್ಲರೂ ಎದುರಿಗಿದ್ದರು. ಸಮಾಜದ ಹಿತದೃಷ್ಟಿಯಿಂದ ನಾನು ಎದ್ದು ಬಾಗಿಲು ಎಳೆದೆ.

ಚಿತ್ರ ಹೋಯಿತು. ದನಿ ಹೋಗಲಿಲ್ಲ. ಹದಿನಾಲ್ಕು ಜನ ಮರದ ಹಲಗೆ ನೋಡುತ್ತಾ ಕೂತೆವು, ಒಳಗಿನಿಂದ ಜನ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. ಕಂಡಿದ್ದರೆ ಒಬ್ಬ ಮುದುಕ, ಒಂದು ಮಂಚ, ಅಷ್ಟೇ. ಕಾಣದೆ ಹೋದದ್ದರಿಂದ ಒಬ್ಬೊಬ್ಬರ ತಲೆಯಲ್ಲಿ ಏನೇನೋ ನಡೆಯಿತು. ಎರಡನೆಯ ಅಂತಸ್ತಿನ ನಿವೃತ್ತ ಮೇಷ್ಟ್ರು, ಎಲ್ಲರೂ ಮಾಸ್ಟರ್‌ಬಾಬು ಎನ್ನುತ್ತಿದ್ದವರು, ಕಿವಿಯವರೆಗೆ ಕೆಂಪಾದರು.

“ಶೆಟ್ಟಿಬಾಬು, ಇದಕ್ಕೊಂದು ಕಮಿಟಿ ಬೇಕು” ಎಂದರು.

ಆ ಕಾಲದಲ್ಲಿ ಆ ಊರಿನಲ್ಲಿ ಕಮಿಟಿ ಇಲ್ಲದೆ ನಲ್ಲಿಯ ವಾಷರನ್ನೂ ಬದಲಿಸುತ್ತಿರಲಿಲ್ಲ. ಸಭೆ ಸೇರಿತು. ಮೂರು ಸುತ್ತು ಚಹಾ ಆಯಿತು. ವಿಡಂಬನೆ ಜನರ ಹಕ್ಕು, ಆದರೆ ಅದು ಮಿತಿ ಮೀರಬಾರದು, ಮಿತಿಯನ್ನು ಶೆಟ್ಟಿಬಾಬು ನೋಡಿಕೊಳ್ಳತಕ್ಕದ್ದು ಎಂದು ನಿರ್ಣಯವಾಯಿತು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಭಾಗ ಮಾತ್ರ.

ಇನ್ನು ನಿಜವಾದ ತಪ್ಪಿಗೆ ಬರುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಕುಂದಾಪುರದ ಕಡೆಯಿಂದ ಅಮ್ಮನನ್ನು ಕರೆತಂದಿದ್ದೆ. ನಮ್ಮಲ್ಲಿ ಗಂಡ ಸತ್ತನೆಂದು ಮೀನು ಬಿಡುವ ಕ್ರಮವಿಲ್ಲ. ಅಮ್ಮನಂತೂ ಬೀದಿಯಲ್ಲಿ ನಡೆಯುವಾಗ ವಾಸನೆಯಿಂದಲೇ ಯಾರ ಮನೆಯಲ್ಲಿ ಯಾವ ಮೀನು, ಇವತ್ತಿನದೋ ನಿನ್ನೆಯದೋ ಎಂದು ಹೇಳುವವಳು. ಅಮ್ಮ ಬಂದ ವಾರವೇ ಮಾಸ್ಟರ್‌ಬಾಬುವಿನ ಅಕ್ಕ ಮಾತಾಡಿಸಲು ಬಂದರು. ಅವರ ಮನೆಯ ಮಕ್ಕಳಿಗೆ ಸೋದರತ್ತೆಯಾದ್ದರಿಂದ ಅವರನ್ನು ಎಲ್ಲರೂ ಪಿಸಿಮಾ ಎನ್ನುತ್ತಿದ್ದರು. ಹನ್ನೊಂದನೆಯ ವಯಸ್ಸಿಗೆ ವಿಧವೆಯಾದವರು, ಅಲ್ಲಿಯ ವಿಧವೆಯರ ಕ್ರಮದಂತೆ ಐವತ್ತು ವರ್ಷದಿಂದ ಮೀನು ಮುಟ್ಟಿದವರಲ್ಲ. ನಾಲ್ಕು ಜನರ ಎದುರಿಗೆ ಕೇಳಿದರು: “ನಿಮ್ಮ ತಾಯಿಯೂ ಸಸ್ಯಾಹಾರಿ ತಾನೇ?”

“ಖಂಡಿತ. ನಮ್ಮಲ್ಲಿ ಇನ್ನೂ ಕಟ್ಟುನಿಟ್ಟು” ಎಂದೆ.

ಹೇಳಲು ನನಗೆ ಅರ್ಧ ನಿಮಿಷ ಹಿಡಿಯಲಿಲ್ಲ. ಅಮ್ಮ ಅದನ್ನು ಎರಡು ವರ್ಷ ನಡೆಸಿದಳು. ಪಿಸಿಮಾ ಹೋದ ಮೇಲೆ ಇಲ್ಲಿಯ ಮರ್ಯಾದೆ ಹೀಗೆ ಎಂದು ವಿವರಿಸಿದ್ದಕ್ಕೆ, ನನ್ನ ಮುಖ ನೋಡಿ “ಆಯ್ತ್ ಮಗಾ” ಅಂದಳು. ಅಷ್ಟೇ. ನಮಗೆ ಮಾತ್ರ ಪ್ರತಿ ಭಾನುವಾರ ಮಸಾಲೆ ಅರೆದು ಮೀನು ಸಾರು ಮಾಡಿ ಬಡಿಸುತ್ತಿದ್ದಳು. ರುಚಿ ನೋಡುವ ಹಾಗಿಲ್ಲವಲ್ಲ, ಉಪ್ಪು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. “ಎಂತ ಅಮ್ಮ, ಕೈ ತಪ್ಪಿತಾ?” ಎಂದು ನಾನು ಕೇಳುತ್ತಿದ್ದೆ. ಕೇಳುತ್ತಿದ್ದೆನಲ್ಲ!

ಇಂಥ ಹೊತ್ತಿನಲ್ಲಿ ಶನಿವಾರದ ಕಾರ್ಯಕ್ರಮಕ್ಕೆ ಹೊಸದಾಗಿ ಒಬ್ಬ ವಿಧವೆ ಅಜ್ಜಿ ಬಂದಳು. ಬಿಳಿ ಸೀರೆ ಉಟ್ಟು ಅಡಿಗೆಮನೆಯ ಮೂಲೆಯಲ್ಲಿ ಕೂತು ಏನೋ ಗೊಣಗುತ್ತಿದ್ದಳು. ಬಂಗಾಳಿ ಬಾರದ ಅಮ್ಮ ಕೇಳಿದಳು: “ಆ ಅಜ್ಜಿ ಎಂತ ಮಾಡುದ್ ಶೀನ?”

ಇದು ಎಲ್ಲಿಗೆ ಹೋಗುತ್ತದೋ ಎಂದು ನನಗೆ ಭಯ. “ವ್ರತ ಅಮ್ಮ. ದೊಡ್ಡ ಭಕ್ತೆ ಅವಳು” ಎಂದೆ.

ಮುಂದಿನ ಶನಿವಾರ ಅಮ್ಮ ಸಂಜೆ ಸ್ನಾನ ಮಾಡಿ ಬಂದಳು. ಟಿವಿಯ ನೆತ್ತಿಯಿಂದ ಮುಂದಕ್ಕೆ ಇಳಿಯುವಂತೆ ಚೆಂಡುಹೂವಿನ ಮಾಲೆ ಹಾಕಿದಳು. ಊದುಬತ್ತಿ ಹಚ್ಚಿದಳು. ಅಲ್ಲಿಗೂ ಬಿಡಲಿಲ್ಲ, ಮೇಲೆ ಹೋಗಿ ಪಿಸಿಮಾರನ್ನು ಕೈಹಿಡಿದು ಕರೆತಂದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರೂ ದಿನಾ ಮಧ್ಯಾಹ್ನ ಎರಡು ಗಂಟೆ ಮಾತಾಡುತ್ತಿದ್ದರು. ಅದುವರೆಗೆ ಒಮ್ಮೆಯೂ ಟಿವಿ ನೋಡಲು ಬಂದಿರದ ಪಿಸಿಮಾ, ಮಾಲೆ ನೋಡಿ ಕೈಮುಗಿದು ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತರು.

ತೆರೆಯ ಮೇಲೆ ಅಜ್ಜಿ ಅಡಿಗೆಮನೆಯ ಚಿಲಕ ಹಾಕಿದಳು. ಅತ್ತಿತ್ತ ನೋಡಿ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಬಟ್ಟಲು ತೆಗೆದಳು. ಬಟ್ಟಲಲ್ಲಿ ಅಂಗೈಯಗಲದ ಇಲಿಶ್ ಮೀನಿನ ತುಂಡು!

ನಾನು ಹಾರಿದೆ. ಎರಡು ಬಾಗಿಲನ್ನೂ ಒಟ್ಟಿಗೆ ಎಳೆದೆ. ಮಾಲೆ ಬಾಗಿಲು ಜಾರುವ ಮೇಲಿನ ಸೀಳಿನಲ್ಲಿ ಸಿಕ್ಕಿಕೊಂಡಿತು, ಅದನ್ನು ಬಿಡಿಸಲು ಹೋದ ನನ್ನ ಬಲಗೈಯ ಎರಡು ಬೆರಳೂ ಸಿಕ್ಕಿಕೊಂಡವು. ಬಾಗಿಲು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಡುವೆ ಒಂದು ಗೇಣು ಸಂದು. ಆ ಸಂದಿನಲ್ಲಿ ಸರಿಯಾಗಿ ಅಜ್ಜಿ ಮತ್ತು ಮೀನು, ನಾನೇ ಚೌಕಟ್ಟು ಹಾಕಿಸಿ ತೂಗುಹಾಕಿದ ಹಾಗೆ.

“ಕೈ ತೆಗೀರಿ” ಎಂದಳು ಸರೋಜ.

“ಬರ್ತಾ ಇಲ್ಲ.”

“ಹಾಗಾದ್ರೆ ತಲೆ ತೆಗೀರಿ. ಕಾಣ್ತಾ ಇಲ್ಲ.”

ಹಿಂದಿನಿಂದ ಉಸಿರು ಕಟ್ಟಿದಂಥ ಸದ್ದು ಬಂತು. ಪಿಸಿಮಾ ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಿದರೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. “ಪೆದ್ದೀ, ಬೆನ್ನಿನ ಕಡೆ ಮೊದಲು ತಿನ್ನು. ಹೊಟ್ಟೆಯ ಕಡೆ ಕೊನೆಗೆ” ಎಂದು ಟಿವಿಗೆ ಹೇಳಿದರು. ಐವತ್ತು ವರ್ಷವಾದರೂ ಕ್ರಮ ಮರೆತಿರಲಿಲ್ಲ.

“ಶೀನ” ಎಂದಳು ಅಮ್ಮ.

“ಎಂತ ಅಮ್ಮ?”

“ಅವ್ಳ್ ಬಾಯಿಂದ ತೆಗ್ದದ್ದ್ ಮುಳ್ಳಲ್ದಾ?”

ನಾನು ಬೆರಳು ನೋಡಿಕೊಂಡೆ.

“ಮುಳ್ಳಿಪ್ಪು ವ್ರತ ಯಾವ್ದ್ ಮಾರಾಯ?”

ಈ ಪ್ರಶ್ನೆಯನ್ನು ಕಮಿಟಿಗೆ ಒಪ್ಪಿಸುವಂತಿರಲಿಲ್ಲ.

ಅಷ್ಟರಲ್ಲಿ ಟಿವಿಯ ಅಜ್ಜಿ ಸಿಕ್ಕಿಬಿದ್ದಿದ್ದಳು. ಮೊಮ್ಮಗನಿಗೆ ಹೇಳುತ್ತಿದ್ದಳು: “ಮದುವೆಯಾದಾಗ ನನಗೆ ಒಂಬತ್ತು, ನಿನ್ನ ತಾತನಿಗೆ ಐವತ್ತೈದು. ಗೊಂಬೆ ತಂದುಕೊಡಿ ಎಂದೆ. ತರಲು ಹೋದವರು ಹೆಣವಾಗಿ ಬಂದರು. ಗೊಂಬೆಯೂ ಇಲ್ಲ, ಮೀನೂ ಇಲ್ಲ.” ಎಲ್ಲರೂ ನಕ್ಕರು. ಮಾತು ಮೀನಿನಿಂದ ಆಚೆ ಹೋಯಿತಲ್ಲ ಎಂಬ ಸಮಾಧಾನಕ್ಕೆ ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಪಿಸಿಮಾರ ನಗು ನಿಂತಿತ್ತು.

“ಈಗ ಮುಚ್ಚು ಬಾಬಾ” ಎಂದರು, ಮಗನಿಗೆ ಹೇಳುವಂತೆ, ಮೆಲ್ಲಗೆ.

ಅಷ್ಟು ಶನಿವಾರಗಳಲ್ಲಿ ಒಬ್ಬರು ತಾವಾಗಿ ಮುಚ್ಚು ಎಂದು ಕೇಳಿದ್ದು ಅದೇ ಮೊದಲು. ನಾನು ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಬಾಗಿಲು ಇನ್ನೆರಡು ಇಂಚು ತೆರೆದುಕೊಂಡಿತು. ಬೆರಳು ಮಾತ್ರ ಬಿಡಲಿಲ್ಲ.

ತೆರೆಯ ಮೇಲೆ ಏನು ಹೇಳಿದರೆಂದು ಅಮ್ಮನಿಗೆ ಒಂದಕ್ಷರ ಗೊತ್ತಿಲ್ಲ. ಅವಳು ಪಿಸಿಮಾರ ಮುಖ ನೋಡಿದಳು. ಎದ್ದು ಬಂದು ಪೆಟ್ಟಿಗೆಯ ಬದಿಗಿದ್ದ ಗುಂಡಿ ತಿರುಗಿಸಿದಳು. ಚಿತ್ರ ಒಂದು ಚುಕ್ಕಿಯಾಗಿ ಆರಿಹೋಯಿತು, ದನಿಯೂ ಹೋಯಿತು.

“ಆರ್ಸುಕೆ ಗುಂಡಿ ಇಲ್ಯಾ ಮಗಾ ಇದ್ಕೆ?” ಎಂದು ಕೇಳಿ, ನನ್ನ ಬೆರಳಿಗೆ ತೆಂಗಿನೆಣ್ಣೆ ತರಲು ಒಳಗೆ ಹೋದಳು.

ಆ ಕಾರ್ಯಕ್ರಮ ಮಿತಿ ಮೀರಿತೇ ಎಂದು ಮಾಸ್ಟರ್‌ಬಾಬು ಮುಂದೆ ಎರಡು ಸಭೆ ಕರೆದರು. ನಾನು ಹೋಗಲಿಲ್ಲ. ಮುಚ್ಚಬೇಕಾಗಿಲ್ಲದ್ದನ್ನು ಮುಚ್ಚಲು ಹೋಗಿ, ಮುಚ್ಚಬೇಕಾದಾಗ ಗಹಗಹಿಸಿದವನು ನಾನು. ನನ್ನ ಅಭಿಪ್ರಾಯಕ್ಕೆ ಯಾವ ಬೆಲೆ?

ಮರುದಿನ ಭಾನುವಾರ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಲೋಕಲ್ ಟ್ರೈನ್ ಹತ್ತಿ ಸಿಯಾಲ್ದಾದ ಮೀನು ಮಾರುಕಟ್ಟೆಗೆ ಹೋದೆ. ಅಮ್ಮನ ಪ್ರಾಣ ಬಂಗುಡೆ. ಬಂಗಾಳಿಗಳು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಇಡೀ ಮಾರುಕಟ್ಟೆ ಹುಡುಕಿದ ಮೇಲೆ ಒಬ್ಬನ ಬುಟ್ಟಿಯ ತಳದಲ್ಲಿ ಏಳು ಸಿಕ್ಕವು.

“ಬೆಕ್ಕಿಗಾ ದಾದಾ?” ಎಂದ.

“ಅಮ್ಮನಿಗೆ.”

ಇಂಥ ಮಗನೂ ಇರುತ್ತಾನಾ ಎಂಬಂತೆ ನೋಡಿದ. ಅವನು ಎಷ್ಟು ಸರಿಯಾಗಿ ನೋಡಿದ್ದ ಎಂದು ಅವನಿಗೆ ತಿಳಿದಿರಲಿಕ್ಕಿಲ್ಲ.

ಮೀನಿನ ಚೀಲ ಎಲ್ಲರಿಗೂ ಕಾಣುವಂತೆ ಹಿಡಿದು ಬಂದೆ. ಮೆಟ್ಟಿಲ ಬಳಿ ಪಿಸಿಮಾ ಸಿಕ್ಕರು. “ಪಿಸಿಮಾ, ಅವತ್ತು ನಾನು ಸುಳ್ಳು ಹೇಳಿದೆ. ನಮ್ಮಲ್ಲಿ ತಿನ್ನುತ್ತಾರೆ” ಎಂದೆ.

“ಎರಡು ವರ್ಷ?” ಎಂದರು.

ತಲೆ ತಗ್ಗಿಸಿದೆ.

“ಯಾವ ಮೀನು, ತೋರಿಸು.” ಚೀಲದೊಳಗೆ ಬಗ್ಗಿ ನೋಡಿ ಮೂಗು ಮುರಿದರು. “ಎರಡು ವರ್ಷ ಕಾಯಿಸಿ ಇದನ್ನು ತಂದೆಯಾ?”

ಅಮ್ಮ ಸಾರು ಕುದಿಸಿ, ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟು ನೆಕ್ಕಿ ನೋಡಿದಳು. “ಉಪ್ಪು ಸರಿ ಆಯ್ತ್” ಎಂದಳು. ಆಮೇಲೆ ಅಡಿಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಳು. ಪಿಸಿಮಾ ತಾವು ತಿನ್ನಲಿಲ್ಲ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ನಾನು ಬಾಗಿಲಿಗೊರಗಿ ನಿಂತೆ. ಕ್ಷಮೆ ಕೇಳಲು ರೈಲಿನಲ್ಲಿ ಎರಡು ಒಳ್ಳೆಯ ವಾಕ್ಯ ತಯಾರು ಮಾಡಿಕೊಂಡಿದ್ದೆ. ಕಣ್ಣೂ ಸಮಯಕ್ಕೆ ಸರಿಯಾಗಿ ತುಂಬಿತ್ತು.

ಅಮ್ಮ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು: “ಎಂತ ಕಾಂಬುದ್? ಇದೆಂತ ಟಿವಿಯಾ?”

“ಅಲ್ಲ ಅಮ್ಮ, ನಾನು...”

“ಬಾಗಿಲ್ ಎಳ್ಕೊ.”

ಎಳೆದುಕೊಂಡೆ. ಈ ಸಲ ಬೆರಳು ನೋಡಿಕೊಂಡು ಎಳೆದುಕೊಂಡೆ. ಒಳಗೆ ಅಮ್ಮ ಕನ್ನಡದಲ್ಲಿ ಏನೋ ಅಂದಳು, ಪಿಸಿಮಾ ಬಂಗಾಳಿಯಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ನಾನು ಹೊರಗೆ ಮರದ ಹಲಗೆ ನೋಡುತ್ತಾ ನಿಂತೆ. ಅಂದಿನ ಅಣಕ ಯಾರ ಮೇಲೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.